ಯಾರೂ ನೋಡದ ಹೊಲಿಗೆ

ಆ ಹೊಲಿಗೆ ಮಿಷನ್ನಿಗೆ ಮಾನ ಮರ್ಯಾದೆಯ ಚಿಂತೆ ಬಹಳ. ಮನೆಗೆ ನೆಂಟರು ಬಂದ ಕೂಡಲೇ ಕೈಕಟ್ಟಿಕೊಂಡು ಮೂಲೆಯಲ್ಲಿ ಕೂರುವ ತುಂಟ ಮಕ್ಕಳಿರುತ್ತವಲ್ಲ, ಅದೂ ಆ ಪಂಗಡಕ್ಕೇ ಸೇರಿದ್ದು. ಹೊಲಿಗೆಯಕ್ಕ ಒಬ್ಬಳೇ ಕೂತು ತುಳಿಯುವಾಗ ಗೇಣುದ್ದ ನೆಟ್ಟಗೆ ಹೋಗಿ ಒಂದು ಹೊಲಿಗೆ ಹಾರಿಸುವುದು, ಮತ್ತೆ ಗೇಣುದ್ದ ಹೋಗಿ ದಾರವನ್ನು ಗಂಟು ಹಾಕಿಕೊಳ್ಳುವುದು, ಹೀಗೆ ಬೇಕಾದಂತೆ ಆಟ ಆಡುತ್ತಿತ್ತು. ರಿಪೇರಿಯವನು ಹೊಸ್ತಿಲು ದಾಟಿ ಒಳಗೆ ಬಂದನೋ, ಮುಗಿಯಿತು. ಮುತ್ತು ಪೋಣಿಸಿದ ಹಾಗೆ ಹೊಲಿಗೆ!

"ಈಗ ತಾನೇ ಹಾರಿಸಿತು ಅಣ್ಣಾ, ನನ್ನಾಣೆ. ಬೇಕಾದ್ರೆ ಈ ಅಂಗಿಯ ತೋಳು ನೋಡಿ," ಎಂದಳು ಹೊಲಿಗೆಯಕ್ಕ.

"ತೋಳು ನೋಡಿದೆ ತಂಗೀ. ಹಾರಿಸಿರೋದು ಹೌದು. ಆದ್ರೆ ಹಾರಿಸುವಾಗ ನಾನು ನೋಡ್ಬೇಕಲ್ಲ."

"ಹೆಣ ತಂದು ಮುಂದಿಟ್ರೂ ಸತ್ತಿಲ್ಲ ಅಂತೀರಲ್ಲ ನೀವು!"

"ಸತ್ತಿರೋದು ಕಾಣ್ತಾ ಇದೆ ತಾಯಿ. ಯಾವ ಕಾಯಿಲೆಯಿಂದ ಅಂತ ಕಾಣಬೇಡವೇ?"

ರಿಪೇರಿಯವನನ್ನು ಆ ಬೀದಿಯವರೆಲ್ಲ ಎಣ್ಣೆಯಣ್ಣ ಎಂದು ಕರೆಯುತ್ತಿದ್ದರು. ಹೊಸಬರು ಆ ಹೆಸರು ಕೇಳಿ ಅವನ ಬಾಯಿ ಮೂಸಿ ನೋಡಿದ್ದೂ ಉಂಟು. ಪಾಪ, ಅವನು ಚಹಾಕ್ಕಿಂತ ಮುಂದಕ್ಕೆ ಹೋದವನಲ್ಲ. ಯಾವ ಮಿಷನ್ನಿನ ಯಾವ ಕಾಯಿಲೆಗೂ ಮೊದಲು ಒಂದು ತೊಟ್ಟು ಎಣ್ಣೆ ಬಿಟ್ಟು ನೋಡುವುದು ಅವನ ಕ್ರಮವಾದ್ದರಿಂದ ಬಂದ ಹೆಸರು ಅದು. ಇನ್ನೊಂದು ಕ್ರಮವೂ ಇತ್ತು. ಮಿಷನ್ನಿನ ಮುಂದೆ ಕೂತು ಒಂದು ಗಳಿಗೆ ಕಣ್ಣುಮುಚ್ಚಿ, 'ಅಪ್ಪಾ, ಇದರ ನೋವು ನನಗೆ ಕಾಣಿಸು' ಎಂದು ಬೇಡಿಕೊಂಡ ಮೇಲೆಯೇ ಅವನು ಕಣ್ಣು ತೆರೆಯುವುದು. ಕಣ್ಣಾರೆ ಕಾಣದ ದೋಷಕ್ಕೆ ಸ್ಪ್ಯಾನರ್ ಹಿಡಿಯುವವನೇ ಅಲ್ಲ. ಕಾಣದೆ ಕೈಹಾಕಿದರೆ ಇಲ್ಲದ ದೋಷವೊಂದು ಹುಟ್ಟಿಕೊಳ್ಳುತ್ತದೆ ಎಂಬುದು ಅವನು ಗುರುವಿನಿಂದ ಕಲಿತ ಮೊದಲ ಪಾಠ. ಇಷ್ಟು ವರ್ಷ ಆ ಪಾಠ ಅವನ ಕೈಹಿಡಿದು ನಡೆಸಿತ್ತು. ಈಗ ಮಾತ್ರ ಕೈಕೊಟ್ಟಿತ್ತು.

ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೊಲಿಗೆಯಕ್ಕನ ಅತ್ತೆ ತಲೆ ಎತ್ತಿದಳು. ಮುದುಕಿಯ ಕಿವಿ ಪೂರಾ ಮಂದ. ಆದರೆ ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. "ಏನಪ್ಪಾ ಎಣ್ಣೆ, ಇವತ್ತೂ 'ಮಿಷನ್ ಸರಿ ಇದೆ' ಅಂತ ಹೇಳಿ ಹೋಗ್ತೀಯಾ? ಆ ಮಾತು ಹೇಳೋದಕ್ಕೆ ನೀನು ಅಷ್ಟು ದೂರದಿಂದ ಯಾಕೆ ಬರ್ಬೇಕು? ಒಂದು ಗಿಣಿ ಸಾಕಿಕೊಳ್ತೀವಿ."

ಎಣ್ಣೆಯಣ್ಣ ನಕ್ಕ. ನಕ್ಕರೂ ಒಳಗೆ ಚುರುಕ್ಕೆಂದಿತು. ಏಕೆಂದರೆ ಈ ಸಲದ್ದು ನಗುವ ವಿಷಯವಾಗಿರಲಿಲ್ಲ.

ಪಕ್ಕದ ಬೀದಿಯ ಆಸ್ಪತ್ರೆಗೆ ರೋಗಿಗಳ ಗೌನು ಹೊಲಿಯುವವರು ಬೇಕಾಗಿದ್ದರು. ಹಿಂದಿನ ಟೈಲರು ಕೆಲಸ ಒಪ್ಪಿಕೊಂಡು ಯಾರ್ಯಾರ ಕೈಗೋ ಹಂಚಿ ಹೊಲಿಸಿದ್ದ. ರೋಗಿಗಳು ಬಗ್ಗಿದ ಕಡೆಯೆಲ್ಲ ಹೊಲಿಗೆ ಬಿಟ್ಟು, ಬಿಡಬಾರದ ಸಮಯದಲ್ಲಿ ಬಿಟ್ಟು, ವಾರ್ಡಿನಲ್ಲಿ ದೊಡ್ಡ ರಾದ್ಧಾಂತವಾಗಿತ್ತಂತೆ. ಅದಕ್ಕೇ ಅಲ್ಲಿಯ ದೊಡ್ಡ ಸಿಸ್ಟರಮ್ಮ, "ಈ ಸಲ ನಾನೇ ಬಂದು ಪಕ್ಕದಲ್ಲಿ ನಿಂತು, ಆ ಕೈ, ಆ ಮಿಷನ್ನು, ಆ ತೋಳು ಮೂರನ್ನೂ ಕಣ್ಣಲ್ಲಿ ನೋಡಿ ಆರ್ಡರು ಕೊಡ್ತೀನಿ" ಎಂದು ಹೇಳಿಕಳಿಸಿದ್ದರು. ಬರುವ ಗುರುವಾರ ಅವರು ಬರುವವರಿದ್ದರು.

ಮನೆಯಲ್ಲಿ ಇನ್ನೊಂದು ಲೆಕ್ಕಾಚಾರ ನಡೆದಿತ್ತು. ಹೊಲಿಗೆಯಕ್ಕನ ಗಂಡ ದೂರದೂರಿನ ಬಸ್ಸು ಓಡಿಸುವವನು. ಮನೆಗೆ ಬಂದರೆ ಮಲಗಲು ಬರುತ್ತಿದ್ದ. ಅವನ ತಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಟ್ಯೂಷನ್ ನಡೆಸಬೇಕೆಂಬುದು ಮೇಷ್ಟ್ರ ಬಹುದಿನದ ಆಸೆ. ಆ ಕೋಣೆಯಲ್ಲೇ ಅತ್ತಿಗೆಯ ಮಿಷನ್ನು ಕೂತಿತ್ತು. ಕೊನೆಗೆ ಅತ್ತೆ ತೀರ್ಪು ಕೊಟ್ಟಿದ್ದಳು: ಆಸ್ಪತ್ರೆಯ ಆರ್ಡರು ಬಂದರೆ ಕೋಣೆ ಸೊಸೆಗೆ, ಬಾರದಿದ್ದರೆ ಮಗನಿಗೆ. ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡರೆ ಯಾವ ಗಿರಾಕಿ ಬರುತ್ತಾನೆ? ಹೊಲಿಗೆಯಕ್ಕನಿಗೆ ಅದು ಅಂಗಡಿಗೆ ಬೀಗ ಹಾಕಿದಂತೆಯೇ.

ಮೇಷ್ಟ್ರು ಕೆಟ್ಟವರೇನಲ್ಲ. ಆ ಹೊತ್ತಿಗೆ ಅವರು ಚಹಾದ ಲೋಟ ಹಿಡಿದು, ಅತ್ತಿಗೆಯದೇ ಟೇಪು ಕೇಳಿ ಪಡೆದು, ಕರಿಹಲಗೆಗೆಂದು ಗೋಡೆಯ ಅಳತೆ ತೆಗೆಯುತ್ತಿದ್ದರು, ಅಷ್ಟೆ.

"ಎಣ್ಣೆಯಣ್ಣಾ, ನೀವು ನೋಡೋದೇ ತಪ್ಪಾಗ್ತಿದೆ," ಎಂದರು. "ನಮ್ಮ ಶಾಸ್ತ್ರದಲ್ಲಿ ತೀರಾ ಸಣ್ಣ ಕಣಗಳಿವೆ. ಅಳೆಯೋಕೆ ಹೋಗದಿದ್ರೆ ಒಂದು ನಡತೆ, ಅಳೆಯೋಕೆ ಹೋದ್ರೆ ಇನ್ನೊಂದು ನಡತೆ."

"ಕಣಗಳಿಗೂ ನಾಚಿಕೆಯೇ ಮೇಷ್ಟ್ರೇ?"

"ನಾಚಿಕೆ ಅಲ್ಲ. ನೋಡ್ಬೇಕಾದ್ರೆ ಬೆಳಕೋ ಇನ್ನೊಂದೋ ಹೋಗಿ ಅದಕ್ಕೆ ತಾಗ್ಬೇಕಲ್ಲ? ತಾಗಿದ ಮೇಲೆ ಅದು ಮೊದಲಿನ ಹಾಗೆ ಇರಲ್ಲ. ಯಾರೂ ನೋಡದಿದ್ದಾಗ ಅದು ಹೇಗಿತ್ತು ಅಂತ ಕೇಳೋದೇ ಅಸಂಬದ್ಧ ಅನ್ನೋರೂ ಇದ್ದಾರೆ."

ಅತ್ತೆ ಮಗನ ತುಟಿಯನ್ನೇ ನೋಡುತ್ತಿದ್ದಳು. "ನಿಮ್ಮಪ್ಪನೂ ಹಾಗೇ ಇದ್ರು ಕಣೋ. ನಾನು ನೋಡ್ತಿದ್ರೆ ಒಂದು ನಡತೆ, ನೋಡದಿದ್ರೆ ಇನ್ನೊಂದು. ಇದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕಿತ್ತು ನೀನು?"

ಹೊಲಿಗೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ತಟ್ಟನೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಗೋದೊಂದೇ ಬಾಕಿ ನನಗೆ. ಬೀದಿಯಲ್ಲಿ ಆಗ್ಲೇ ಮಾತಾಡ್ಕೊಳ್ತಿದಾರೆ, ಮಿಷನ್ನಿಗೆ ಏನೂ ಆಗಿಲ್ಲ, ಅವಳ ತಲೆಗೇ ಏನೋ ಆಗಿದೆ ಅಂತ."

ಎಣ್ಣೆಯಣ್ಣ ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದ. ತಾನು ನೋಡಿದರೆ ದೋಷ ಮಾಯವಾಗುತ್ತದೆ ಎಂದರೆ ತನ್ನ ಕಣ್ಣಿನಲ್ಲೇ ಏನೋ ಇದೆ ಎಂದಾಯಿತು. ದೇವರ ಮುಂದೆ ನಿಂತಾಗ ಅವನು ಕಣ್ಣು ಮುಚ್ಚುವುದು ಇದಕ್ಕೇ ಅಲ್ಲವೇ? ಮುಚ್ಚಿದ ಕಣ್ಣಿಗೆ ಮಾತ್ರ ಕಾಣುವಂಥದ್ದು ಒಂದಿದೆ ಎಂದು ನಂಬಿದ ಜೀವ ಅದು. ಆದರೆ ಹೊಲಿಗೆ ಮಿಷನ್ನೂ ಆ ಸಾಲಿಗೆ ಸೇರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಮರುದಿನದಿಂದ ಅವನ ಕಳ್ಳಾಟ ಶುರುವಾಯಿತು. ಬೀದಿಯ ಆಚೆ ನಿಂತ ಗಾಡಿಯ ಮರೆಯಿಂದ ಕಿಟಕಿಯೊಳಗೆ ಇಣುಕಿ ನೋಡಿದ. "ಅಣ್ಣಾ, ಬಿಸಿಲಲ್ಲಿ ಯಾಕೆ ನಿಂತಿದೀರಿ? ಒಳಗೆ ಬನ್ನಿ," ಎಂದು ಅವಳು ಕೂಗಿದಳು. ಒಳಗೆ ಬಂದು ಮಿಷನ್ನಿಗೆ ಬೆನ್ನು ಹಾಕಿ ಕೂತ. ಹೊಲಿಗೆ ಮತ್ತೂ ಚೆಂದ ಬಂತು. ಕೂತಲ್ಲೇ ನಿದ್ದೆ ಹೋದವನಂತೆ ಗೊರಕೆ ಹೊಡೆದ. ಆ ತಾಯಿ ಹೊಲಿಯುವುದನ್ನೇ ನಿಲ್ಲಿಸಿ, ಸದ್ದಿಗೆ ಎಚ್ಚರವಾದೀತೆಂದು ಸಿಸ್ಟರಮ್ಮನಿಗೆ ತೋರಿಸಲೆಂದು ಹೊಲಿಯುತ್ತಿದ್ದ ಗೌನಿನ ಗುಂಡಿ ಹಾಕುತ್ತ ಕೂತುಬಿಟ್ಟಳು! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ ಕಾದದ್ದೆಲ್ಲ ದಂಡ.

ಕಡೆಗೆ ಉಪಾಯ ಹೂಡಿದವಳು ಅತ್ತೆ. ಸೊಸೆ ಹಿತ್ತಲಲ್ಲಿದ್ದಾಗ ಎಣ್ಣೆಯಣ್ಣನ ಅಂಗಿ ಹಿಡಿದು ಎಳೆದಳು.

"ನೀನು ನೋಡ್ತಿದೀಯ ಅಂತ ಮಿಷನ್ನಿಗೆ ಹೇಗೆ ಗೊತ್ತಾಗುತ್ತೆ ಹೇಳು?"

"ಅದೇ ತಿಳೀತಿಲ್ಲ ದೊಡ್ಡಮ್ಮ."

"ಮಿಷನ್ನಿಗೆ ಗೊತ್ತಾಗಲ್ಲ ಕಣೋ ಪೆದ್ದೇ. ಅವಳಿಗೆ ಗೊತ್ತಾಗುತ್ತೆ. ನೀನು ಹೋದ ಹಾಗೆ ಹೋಗು."

ಎಣ್ಣೆಯಣ್ಣ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ, "ಬರ್ತೀನಿ ತಂಗೀ, ಮಿಷನ್ ಸರಿ ಇದೆ!" ಎಂದು ಕೂಗಿ, ತಿರುಗಿ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದ. ಗಿರಾಕಿಗಳು ಬಟ್ಟೆ ಹಾಕಿ ನೋಡಲೆಂದು ಮೂಲೆಯಲ್ಲಿ ಒಂದು ಪರದೆ ಇತ್ತು. ಅದರ ಹಿಂದೆ ನಿಂತ. ಅತ್ತೆ ಅವನ ಚಪ್ಪಲಿಗಳನ್ನು ಹುರುಳಿಕಾಯಿಯ ಬುಟ್ಟಿಯ ಕೆಳಗೆ ಮುಚ್ಚಿಟ್ಟಳು.

ಹೊಲಿಗೆಯಕ್ಕ ಒಣಗಿದ ಬಟ್ಟೆ ಹೊತ್ತು ಒಳಗೆ ಬಂದಳು. "ಹೋದ್ರಾ ಅತ್ತೆ?"

"ಹೋದ, ಹೋದ. ಅವನೂ ಹೋದ, ಅವನ ಜಿಡ್ಡೂ ಹೋಯ್ತು."

ಪರದೆಯ ಹಿಂದೆ ಒಂದು ಆಳೆತ್ತರದ ಕನ್ನಡಿ, ಗೂಟಕ್ಕೆ ಅರ್ಧ ಹೊಲಿದ ಒಂದು ಗೌನು. ಗೌನು ಎಣ್ಣೆಯಣ್ಣನ ತಲೆಯ ಮೇಲೆ ಇಳಿಬಿದ್ದಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಸುಕು ಹಾಕಿದ ಮದುಮಗಳ ಹಾಗೆ ಕಂಡ. ನಗು ಬಂತು, ಅದರ ಹಿಂದೆಯೇ ಸೀನು ಬಂತು. ಮೂಗನ್ನು ಹಿಸುಕಿ ಹಿಡಿದು ಎರಡನ್ನೂ ನುಂಗಿಕೊಂಡು, ಪರದೆಯ ಸೀಳಿನಲ್ಲಿ ಒಂದು ಕಣ್ಣಿಟ್ಟ.

ಹೊಲಿಗೆಯಕ್ಕ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅತ್ತೆಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಚಕ್ರ ಟಕಟಕ ತಿರುಗಿತು. ಹೊಲಿಗೆ ನೆಟ್ಟಗೆ ಹೋಯಿತು. ಆಮೇಲೆ ಅವಳ ಹೆಗಲು ಸ್ವಲ್ಪ ಸಡಿಲವಾಯಿತು, ಒಂದು ಉಸಿರು ಹೊರಬಿತ್ತು, ಆ ಉಸಿರಿನ ಬೆನ್ನು ಹಿಡಿದು ಒಂದು ದನಿ.

*ಆಕಾಶಕ್ಕೇ ತೋಳು ಚಾಚಿದವನೇ,*
*ನಿನ್ನ ತೋಳಿನ ಅಳತೆ ಹೇಗೋ…*
*ಸುತ್ತಿ ಸುತ್ತಿ ಮುಗಿಯದ ಎದೆಗೆ*
*ಟೇಪು ಹಿಡಿದು ಬರಲಿ ಹೇಗೋ…*
*ಕಾಲರು ಬೇಕೋ, ಕಿಸೆಯೂ ಬೇಕೋ,*
*ಬಾಯಿ ಬಿಟ್ಟು ಹೇಳಬಾರದೇನೋ…*

ಅದು ಯಾರೂ ಬರೆದ ಹಾಡಲ್ಲ. ಕೆಲಸ ಮಾಡುವ ಕೈ ತನ್ನಷ್ಟಕ್ಕೆ ಹೆಣೆದುಕೊಂಡದ್ದು. ಬೈಗುಳದಂತೆಯೂ ಇತ್ತು, ಬೇಡಿಕೊಂಡಂತೆಯೂ ಇತ್ತು. ಅಳತೆ ಕೊಡಲು ಸತಾಯಿಸುವ ಗಿರಾಕಿಯ ಹತ್ತಿರ ಮಾತಾಡುವ ಸಲಿಗೆಯಲ್ಲಿ ಅವಳು ದೇವರ ಹತ್ತಿರ ಮಾತಾಡುತ್ತಿದ್ದಳು. ತಾನು ಹಾಡುತ್ತಿದ್ದೇನೆ ಎಂಬ ಎಚ್ಚರ ಅವಳಿಗೆ ಇದ್ದಂತೆ ತೋರಲಿಲ್ಲ. ಪ್ರತಿ 'ಹೇಗೋ'ಗೆ ದನಿ ಎಳೆದಾಗ ತಲೆ ಒಂದು ಕಡೆ ವಾಲುತ್ತಿತ್ತು, ಕಾಲು ಪೆಡಲಿನ ಮೇಲೆ ತಂಗುತ್ತಿತ್ತು, ಚಕ್ರ ನಿಂತು ಒಂದು ಬೆರಳಿನಷ್ಟು ಹಿಂದಕ್ಕೆ ಉರುಳುತ್ತಿತ್ತು. ಅಲ್ಲಿಗೆ ಸರಿಯಾಗಿ ಒಂದು ಹೊಲಿಗೆ ಹಾರುತ್ತಿತ್ತು.

ಎಣ್ಣೆಯಣ್ಣನಿಗೆ ರೋಗ ಕಂಡಿತು. ಕಂಡದ್ದಕ್ಕೆ ಕುಣಿಯಬೇಕಿತ್ತು. ಆದರೆ ಅವನು ಗೌನಿನ ಮುಸುಕಿನೊಳಗೆ ಕೈಜೋಡಿಸಿ ನಿಂತಿದ್ದ.

ಒಂದು ಮಾತು ಹೇಳಿದರೆ ಸಾಕಿತ್ತು. 'ತಂಗೀ, ಹೊಲಿಯುವಾಗ ಹಾಡಬೇಡಿ.' ಅಲ್ಲಿಗೆ ರಗಳೆ ಮುಗಿಯುತ್ತಿತ್ತು. ಮಿಷನ್ ಸರಿ, ಆರ್ಡರು ಸರಿ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಅವಳು ಮತ್ತೆ ಹಾಡುವಳೇ? ಹಾಡಿದರೂ ಅದು ಯಾರಿಗೋ ಕೇಳಿಸೀತು ಎಂಬ ಭಯದ ಹಾಡು, ಇಲ್ಲವೇ ಕೇಳಿಸಲಿ ಎಂಬ ಆಸೆಯ ಹಾಡು. ಈ ಹಾಡಂತೂ ಆಗಿರುವುದಿಲ್ಲ. ಮಿಷನ್ನಿಗಾಗಿ ಹಾಡು ಕೊಲ್ಲುವುದಕ್ಕೆ ತಾನೇನು ಕಟುಕನೇ? ಹಾಡಿಗೆ ತಕ್ಕಂತೆ ಮಿಷನ್ನನ್ನೇ ತಿದ್ದಿದರಾಯಿತು ಎಂದುಕೊಂಡ.

ಅತ್ತೆ ಏನೋ ನೆಪ ಹೂಡಿ ಸೊಸೆಯನ್ನು ಒಳಗೆ ಕರೆದು, ಅವನನ್ನು ಹೊರಗೆ ದಾಟಿಸಿದಳು. "ಕಂಡಿತಾ?"

"ಕಂಡಿತು."

"ಏನು?"

ಎಣ್ಣೆಯಣ್ಣ ಬಾಯಿ ತೆರೆದ. ಮುದುಕಿಯ ಎರಡು ಕಣ್ಣೂ ಅವನ ತುಟಿಗೆ ಅಂಟಿಕೊಂಡಿದ್ದವು. "ಬೆಲ್ಟು," ಎಂದುಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಓಡಿದ.

ಮಾರನೆಯ ದಿನ ಬೆಳಿಗ್ಗೆ ಹೊಲಿಗೆಯಕ್ಕ ದಾರ ತರಲು ಹೋದಾಗ ಬಂದು ಕೆಲಸಕ್ಕೆ ಕೂತ. ಚಕ್ರ ಹಿಂದಕ್ಕೆ ಉರುಳದಂತೆ ಚರ್ಮದ ಸಣ್ಣ ತುಂಡೊಂದನ್ನು ಅದಕ್ಕೆ ಒತ್ತಿ ಕೂರಿಸಿದ. ಬೆಲ್ಟನ್ನು ಬಿಗಿ ಮಾಡಿದ. ಕಾಲು ತಂಗಿದಾಗ ದಾರ ಜಗ್ಗದಿರಲೆಂದು ಮೇಲಿನ ದಾರದ ಬಿಗಿಯನ್ನು ಸಡಿಲಿಸಿದ. ಸರಿಯಾಯಿತೋ ಇಲ್ಲವೋ ನೋಡಲು ಹಾಡಿಕೊಂಡೇ ತುಳಿಯಬೇಕಲ್ಲ! ಅವನ ಗಂಟಲಿಗೂ ರಾಗಕ್ಕೂ ಹಳೆಯ ವೈರ. ಆದರೂ ಬಿಡದೆ 'ಹೇಗೋ… ಹೇಗೋ…' ಎಂದು ಕಾಲಾಡಿಸಿದ, ಮತ್ತೆ ಸಡಿಲಿಸಿದ, ಮತ್ತೆ ಹಾಡಿದ.

"ಅದೇನೋ ಅದು, ಮಿಷನ್ನಿಗೆ ಮಂತ್ರ ಹೇಳ್ತಿದೀಯಾ?" ಎಂದಳು ಅತ್ತೆ, ಅವನ ತುಟಿಯನ್ನು ದುರುದುರು ನೋಡುತ್ತ.

"ಹೂಂ ದೊಡ್ಡಮ್ಮ. ನಿಮ್ಮ ಸೊಸೆಗೆ ಹೇಳ್ಬೇಡಿ. ಹೇಳಿದ್ರೆ ಮಂತ್ರ ಹಿಡಿಯೋದಿಲ್ಲ."

ಹಾಡಿನೊಡನೆ ತುಳಿದಾಗ ಹೊಲಿಗೆ ಬಂಗಾರದಂತೆ ಬಂತು. ಹಾಡಿಲ್ಲದೆ ತುಳಿದು ನೋಡಬೇಕೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಔಷಧ ಕೊಟ್ಟ ಖುಷಿಯಲ್ಲಿ ಆರೋಗ್ಯವಂತನಿಗೆ ಅದೇ ಔಷಧ ಏನು ಮಾಡೀತು ಎಂದು ಯಾವ ವೈದ್ಯ ಯೋಚಿಸುತ್ತಾನೆ?

ಬುಧವಾರ ಮಧ್ಯಾಹ್ನ ಅವನು ಬಂದಾಗ ಹೊಲಿಗೆಯಕ್ಕನ ಮುಖ ಅರಳಿತ್ತು. "ಅಣ್ಣಾ! ನಿನ್ನೆಯಿಂದ ಒಂದೇ ಒಂದು ಹೊಲಿಗೆ ಹಾರಿಲ್ಲ. ಏನು ಮಾಡಿದ್ರಿ ಹೇಳಿ!"

"ಏನಿಲ್ಲ ತಂಗೀ, ಒಂದು ತೊಟ್ಟು ಎಣ್ಣೆ."

"ನೋಡಿ, ನಿಮ್ಮ ಮುಂದೇ ಹೊಲಿದು ತೋರಿಸ್ತೀನಿ, ಕಣ್ತುಂಬ ನೋಡಿ."

ಅವಳು ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿ, ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ತುಳಿದಳು. ಬಟ್ಟೆಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಡಿಲ ದಾರದ ಗುಂಜು! ಕಾಗೆಯ ಗೂಡಿನಂತೆ.

ಎಣ್ಣೆಯಣ್ಣ ಬಟ್ಟೆಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದ. ಮೊದಲು, ಯಾರೂ ನೋಡದಿದ್ದರೆ ಕೆಡುತ್ತಿತ್ತು. ಈಗ, ಯಾರಾದರೂ ನೋಡಿದರೆ ಕೆಡುತ್ತದೆ! ನಾಳೆ ಬರುವ ಸಿಸ್ಟರಮ್ಮ ಬರುವುದೇ ನೋಡುವುದಕ್ಕೆ. ಇವತ್ತೇ ಕೂತು ಎಲ್ಲವನ್ನೂ ಮೊದಲಿನ ಹಾಗೆ ಬಿಗಿದುಬಿಡಬೇಕು ಎಂದು ಅವನು ಚೀಲಕ್ಕೆ ಕೈ ಹಾಕುವುದಕ್ಕೂ ಹೊಸ್ತಿಲಲ್ಲಿ ಬಿಳಿಯ ಬೂಟು ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

"ನಾಳೆ ವಾರ್ಡಿಗೆ ದೊಡ್ಡ ಡಾಕ್ಟರು ಬರ್ತಾರೆ, ಅದಕ್ಕೇ ಇವತ್ತೇ ಬಂದೆ," ಎಂದರು ಸಿಸ್ಟರಮ್ಮ, ಕುರ್ಚಿ ಎಳೆದು ಮಿಷನ್ನಿನ ಮಗ್ಗುಲಿಗೇ ಕೂರುತ್ತ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. "ಹೂಂ, ಹೊಲೀರಿ."

"ಅಮ್ಮಾ, ಸ್ವಲ್ಪ ರಿಪೇರಿ ಬಾಕಿ ಇದೆ. ಅರ್ಧ ದಿನ ಕೊಟ್ರೆ…" ಎಣ್ಣೆಯಣ್ಣ ತಡವರಿಸಿದ.

"ಅರ್ಧ ದಿನ ಇದ್ದಿದ್ರೆ ನಾನು ಮಲಗಿ ನಿದ್ದೆ ಮಾಡ್ತಿದ್ದೆನಪ್ಪ. ಹೊಲೀರಿ."

ಅದೇ ಹೊತ್ತಿಗೆ ಮೇಷ್ಟ್ರು ಹೊಸ ಕರಿಹಲಗೆಯನ್ನು ಎರಡು ಕೈಯಲ್ಲೂ ಹೊತ್ತುಕೊಂಡು ಬಾಗಿಲಿಗೆ ಬಂದರು. ಸಿಸ್ಟರಮ್ಮನನ್ನು ಕಂಡು, ಒಳಗೆ ಬರಲೂ ಆಗದೆ ಹಲಗೆಯನ್ನು ಇಳಿಸಲೂ ಆಗದೆ ಹಾಗೇ ನಿಂತರು. ಸಂತೋಷವಾಗಿದೆ ಎಂದು ಕಾಣಿಸಬಾರದೆಂಬ ಅವರ ಪ್ರಯತ್ನ ಮಾತ್ರ ಎಲ್ಲರಿಗೂ ಚೆನ್ನಾಗಿ ಕಾಣಿಸಿತು.

ಹೊಲಿಗೆಯಕ್ಕ ಒಂದು ತೋಳು ಹೊಲಿದಳು. ಗುಂಜು. ಇನ್ನೊಂದು ಹೊಲಿದಳು. ಗುಂಜಿನ ಮೇಲೆ ಗುಂಜು. "ನಾನೊಬ್ಬಳೇ ಇದ್ದಾಗ ಚೆನ್ನಾಗಿ ಬರುತ್ತಮ್ಮ, ದೇವರಾಣೆ," ಎಂದಳು. ಹೇಳಿದ ಮೇಲೆ ಆ ಮಾತು ಎಷ್ಟು ಹುಚ್ಚುಹುಚ್ಚಾಗಿದೆ ಎಂದು ಅವಳಿಗೇ ಅನಿಸಿ ತುಟಿ ಕಚ್ಚಿಕೊಂಡಳು.

ಸಿಸ್ಟರಮ್ಮ ಎದ್ದು ಹೋಗುತ್ತಾರೆಂದು ಎಲ್ಲರೂ ಕಾದರು. ಅವರು ಹೋಗಲಿಲ್ಲ. ಕನ್ನಡಕ ಕಳಚಿ ಒರೆಸಿಕೊಂಡರು.

"ಇದು ನನಗೆ ಗೊತ್ತಿರೋ ಕಾಯಿಲೆ," ಎಂದರು. "ರೋಗಿಗೆ ಮನೇಲಿ ಬಿ.ಪಿ. ಸರಿಯಾಗೇ ಇರುತ್ತೆ. ನಾನು ಈ ಬಿಳಿ ಕೋಟು ಹಾಕ್ಕೊಂಡು ಪಟ್ಟಿ ಕಟ್ಟಿದ ಕೂಡ್ಲೇ ಗಗನಕ್ಕೆ ಏರುತ್ತೆ. ರೋಗಿ ಸುಳ್ಳು ಹೇಳ್ತಿಲ್ಲ, ನನ್ನ ಯಂತ್ರವೂ ಸುಳ್ಳು ಹೇಳ್ತಿಲ್ಲ. ಅಲ್ಲಿರೋ ಕಾಯಿಲೆ ಒಂದೇ, ನಾನು. ಎಲ್ಲರೂ ಗೋಡೆಗೆ ಮುಖ ಮಾಡಿ!"

ಎಲ್ಲರೂ ತಿರುಗಿದರು. ಮೇಷ್ಟ್ರು ಹಲಗೆಯ ಸಮೇತ ತಿರುಗುವಾಗ ಎಣ್ಣೆಯಣ್ಣನ ತಲೆ ಸ್ವಲ್ಪದರಲ್ಲಿ ಉಳಿಯಿತು. ಮಿಷನ್ ಒಂದೇ ಸಮನೆ ಟಕಟಕ ಎಂದಿತು. ಆ ಟಕಟಕ ಕೇಳಿಯೇ ಎಣ್ಣೆಯಣ್ಣನಿಗೆ ಗೊತ್ತಾಯಿತು, ಗುಂಜು.

"ಅಮ್ಮಾ, ಬೆನ್ನಿಗೂ ಕಣ್ಣಿರುತ್ತೆ," ಎಂದ ಅವನು. "ಎಲ್ಲರೂ ಹೊರಗೆ ಹೋಗೋಣ. ಬಾಗಿಲು ಹಾಕೋಣ."

"ನಾನು ನೋಡ್ದೆ ಇವರೇ ಹೊಲಿದ್ರು ಅಂತ ಹೇಗೆ ನಂಬಲಿ?"

"ಒಳಗೆ ಇವರೊಬ್ಬರೇ ಇರ್ತಾರಲ್ಲಮ್ಮ."

ಸಿಸ್ಟರಮ್ಮ ಜೇಬಿನಿಂದ ಪೆನ್ನು ತೆಗೆದು ಹೊಸ ತೋಳಿನ ಬಟ್ಟೆಯ ಅಂಚಿಗೆ ತಮ್ಮ ರುಜು ಹಾಕಿದರು, ಹಿತ್ತಲ ಬಾಗಿಲಿಗೂ ತಾವೇ ಹೋಗಿ ಚಿಲಕ ಹಾಕಿ ಬಂದರು. ಅತ್ತೆ, "ದಿನಾ ಇಲ್ಲೇ ಕೂರೋಳು ನಾನು, ಈಗ ಯಾಕೆ ಏಳ್ಬೇಕು?" ಎಂದು ಹಟ ಹಿಡಿದಾಗ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕುರ್ಚಿಯ ಸಮೇತ ಬೀದಿಗೆ ಸಾಗಿಸಿದ್ದಾಯಿತು. ಕಿಟಕಿಯೂ ಬಾಗಿಲೂ ಮುಚ್ಚಿದವು.

ಮುಚ್ಚಿದ ಬಾಗಿಲು, ಅದರ ಮುಂದೆ ಬಿಳಿ ಕೋಟಿನ ಸಿಸ್ಟರಮ್ಮ, ಕುರ್ಚಿಯಲ್ಲಿ ಅಜ್ಜಿ, ಆತಂಕದ ಮುಖದ ಇಬ್ಬರು ಗಂಡಸರು. ಹೋಗುವವರು ಬರುವವರು ನಿಲ್ಲದೆ ಇರುತ್ತಾರೆಯೇ?

"ಏನಾಯ್ತು? ಹೆರಿಗೆಯಾ?" ಎಂದಳು ತರಕಾರಿ ಚೀಲ ಹಿಡಿದ ಒಬ್ಬಳು, ಪಿಸುದನಿಯಲ್ಲಿ.

"ಆಗ್ತಾ ಇದೆ," ಎಂದರು ಸಿಸ್ಟರಮ್ಮ, ಗಂಭೀರವಾಗಿ.

"ಅಯ್ಯೋ ಪಾಪ. ಗಂಡೋ ಹೆಣ್ಣೋ?"

"ತೋಳು."

ತರಕಾರಿಯವಳು ಹಣೆ ಹಣೆ ಚಚ್ಚಿಕೊಂಡು ಅಲ್ಲೇ ನಿಂತಳು. ಎಣ್ಣೆಯಣ್ಣ ಕಣ್ಣು ಮುಚ್ಚಿಕೊಂಡ. 'ಅಪ್ಪಾ,' ಎಂದು ಬೇಡಿಕೊಂಡ, 'ಇಷ್ಟು ದಿನ ಕಾಣಿಸು ಕಾಣಿಸು ಅಂತ ಕಾಡಿದೆ. ಇವತ್ತು ನಮ್ಮನ್ನೆಲ್ಲ ಅವಳ ಮನಸ್ಸಿನಿಂದ ಅಳಿಸಿಬಿಡು. ನಾವು ಇಲ್ಲವೇ ಇಲ್ಲ ಅನ್ನೋ ಹಾಗೆ ಮಾಡು.'

ಬಾಗಿಲ ಹಿಂದೆ ಬಹಳ ಹೊತ್ತು ಏನೂ ಇಲ್ಲ. ಮೂಗು ಒರೆಸಿಕೊಂಡ ಸದ್ದು. ಕತ್ತರಿ ಇಟ್ಟ ಸದ್ದು. ಆಮೇಲೆ ಚಕ್ರ ಹೊರಟಿತು, ಒಂದೇ ಸಮ, ಒಂದೇ ಸಮ. ಎಣ್ಣೆಯಣ್ಣ ಬಾಗಿಲಿಗೆ ಕಿವಿ ಹಚ್ಚಿದ. ಕೊನೆಗೆ ಆ ಸದ್ದು ಮೆಲ್ಲಗೆ ತೊನೆಯತೊಡಗಿತು, ತೊಟ್ಟಿಲು ತೂಗಿದ ಹಾಗೆ. ಅದರ ಮೇಲೆ ತೇಲಿಕೊಂಡು ದನಿ ಬಂತು. ಈ ಸಲ ಅದರಲ್ಲಿ ಸಿಟ್ಟೇ ಹೆಚ್ಚಿತ್ತು. ಆಕಾಶಕ್ಕೆ ತೋಳು ಚಾಚಿದವನನ್ನು ಅವಳು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಳು. ನಿನ್ನ ಅಂಗಿಗೆ ಕೂಡ ಈ ಗುಂಜೇ ಗತಿ, ಬೇಕಾದರೆ ತೊಟ್ಟುಕೊ, ಬೇಡವಾದರೆ ಬಿಡು ಎಂದು ಹೊಸ ಸಾಲೊಂದನ್ನು ಸೇರಿಸಿದಳು.

ಸಿಸ್ಟರಮ್ಮನ ಬಾಯಿ ಬಿಚ್ಚಿತು. ಎಣ್ಣೆಯಣ್ಣ ತುಟಿಯ ಮೇಲೆ ಬೆರಳಿಟ್ಟ. ಅವರು ಅವನನ್ನು ನೋಡಿದರು, ಬಾಗಿಲನ್ನು ನೋಡಿದರು. ವಾರ್ಡಿನ ಒಳಗೂ ಹೊರಗೂ ಯಾರ ಮಾತಿಗೂ ಬಾಯಿ ಮುಚ್ಚಿದವರಲ್ಲ ಎಂದು ಹೆಸರಾದ ಹೆಂಗಸು ಬಾಯಿ ಮುಚ್ಚಿದರು. ಮೇಷ್ಟ್ರು ಹಲಗೆಯನ್ನು ಸದ್ದಾಗದಂತೆ ನೆಲಕ್ಕೆ ಇಳಿಸಿ ಅದರ ಅಂಚಿಗೆ ಗಲ್ಲ ಊರಿದರು. ಒಂದೇ ಮನೆಯಲ್ಲಿದ್ದೂ ಅತ್ತಿಗೆಗೆ ಈ ದನಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅವರಿದ್ದಾಗ ಅದು ಇರುತ್ತಲೂ ಇರಲಿಲ್ಲ.

"ಏನು? ಎಲ್ಲರೂ ಯಾಕೆ ಕಂಬದ ಹಾಗೆ ನಿಂತಿದೀರಿ? ಏನಂತೆ?" ಎಂದು ಅತ್ತೆ ಒಬ್ಬೊಬ್ಬರ ತುಟಿಯನ್ನೂ ಹುಡುಕಿದಳು. ಒಂದು ತುಟಿಯೂ ಅಲುಗಲಿಲ್ಲ. ಕಡೆಗೆ ಮಗ ಬಗ್ಗಿ, "ಮಿಷನ್ ಸರಿಯಾಯ್ತಂತೆ ಅಮ್ಮ," ಎಂದ.

ಬಾಗಿಲು ತೆರೆಯಿತು. ಹೊಲಿಗೆಯಕ್ಕ ತೋಳನ್ನು ಮುಂದೆ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಂತಿದ್ದಳು. ಸಿಸ್ಟರಮ್ಮ ತಮ್ಮ ರುಜು ನೋಡಿದರು, ಮೇಲೆ ನೋಡಿದರು, ಅಡಿ ನೋಡಿದರು, ಎರಡು ಕೈಯಿಂದ ಹಿಡಿದು ರೋಗಿಯ ಕೈ ಎಳೆದಂತೆ ಎಳೆದರು. ಒಂದು ಹೊಲಿಗೆಯೂ ಮಿಸುಕಲಿಲ್ಲ.

"ಆರ್ಡರು ನಿಮಗೇ. ಒಂದು ಮಾತು, ಬಾಗಿಲು ಹಾಕಿಕೊಂಡೇ ಹೊಲೀಬೇಕು."

"ನೀವು ಕಣ್ಣಲ್ಲಿ ನೋಡ್ಬೇಕು ಅಂತಿದ್ರಿ?"

"ನೋಡಿದ್ದಾಯ್ತು."

"ಏನು ನೋಡಿದ್ರಿ ಅಮ್ಮಾ?"

"ಬಾಗಿಲು," ಎಂದು ಸಿಸ್ಟರಮ್ಮ ಬಿಳಿ ಬೂಟು ತಟ್ಟುತ್ತ ನಡೆದರು.

ಜನ ಕರಗಿದರು. ತರಕಾರಿಯವಳು ತೋಳನ್ನು ಮುಟ್ಟಿ ನೋಡಿ, ಯಾವುದಕ್ಕೂ ಇರಲಿ ಎಂದು ಹರಸಿ ಹೋದಳು. ಮೇಷ್ಟ್ರು ಹಲಗೆ ಎತ್ತಿಕೊಂಡು, "ಅತ್ತಿಗೆ, ನಮ್ಮ ಕಾಲೇಜಿನಲ್ಲೇ ಒಂದು ಕೋಣೆ ಕೇಳಿ ನೋಡ್ತೀನಿ. ಇಲ್ಲಿ ಹುಡುಗರು ಬಂದ್ರೆ ಗಲಾಟೆ, ಅದು ಸರಿಹೋಗಲ್ಲ," ಎಂದು ಹೊರಟೇಹೋದರು. ಅವರು ಸೋತ ಮುಖ ಹೊತ್ತುಕೊಂಡು ಹೋಗಲಿಲ್ಲ ಎಂಬುದನ್ನು ಹೊಲಿಗೆಯಕ್ಕ ಗಮನಿಸಿದಳು.

ಅವಳು ಮಿಷನ್ನಿನ ಮುಂದೆ ಕೂತು ಹೊಸ ತೋಳೊಂದನ್ನು ಕೈಗೆತ್ತಿಕೊಂಡು ದಾರ ಪೋಣಿಸತೊಡಗಿದಳು. "ಅಣ್ಣಾ, ಯಾರು ನೋಡಿದ್ರೂ ನೋಡದಿದ್ರೂ ಒಂದೇ ಥರ ಓಡೋ ಹಾಗೆ ಮಾಡೋಕಾಗಲ್ವಾ ಇದನ್ನ?"

"ಆಗೋದಿಲ್ಲ ತಂಗೀ. ಎರಡರಲ್ಲಿ ಒಂದನ್ನ ಆರಿಸ್ಕೋಬೇಕು."

"ಯಾರೂ ನೋಡದಾಗ ಚೆನ್ನಾಗಿ ಓಡಿ ಏನು ಬಂತು? ಚೆನ್ನಾಗಿ ಓಡ್ತು ಅಂತ ಹೇಳೋರು ಯಾರು?"

ಎಣ್ಣೆಯಣ್ಣ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ, "ಯಾರೂ ನೋಡಲ್ಲ ಅಂತ ಹೇಗೆ ಹೇಳ್ತೀರಿ? ಒಬ್ಬ ನೋಡ್ತಾನೇ ಇರ್ತಾನಲ್ಲ. ಅವನು ನೋಡ್ತಿದಾನೆ ಅಂತ ನೀವೇನು ನಾಚಿಕೊಂಡು ಬೆನ್ನು ನೆಟ್ಟಗೆ ಮಾಡ್ತೀರಾ?" ಎಂದ.

"ಅವನ ಮುಂದೆ ಎಂಥ ನಾಚಿಕೆ!" ಎಂದಳು ಹೊಲಿಗೆಯಕ್ಕ ಥಟ್ಟನೆ. "ಇನ್ನೂ ಅಳತೆಯನ್ನೇ ಕೊಡದೆ ಸತಾಯಿಸ್ತಿರೋನು."

ಸ್ಪ್ಯಾನರು ಎಣ್ಣೆಯಣ್ಣನ ಕೈಯಲ್ಲೇ ಉಳಿಯಿತು. ಇವಳಿಗೆ ಗೊತ್ತಿದೆಯೇ? ಹಾಡುವುದು ಗೊತ್ತಿದೆಯೇ, ಬೀದಿಯೆಲ್ಲ ಕೇಳಿದ್ದೂ ಗೊತ್ತಿದೆಯೇ, ಇಲ್ಲ ಬರೀ ಬಾಯಿಗೆ ಬಂದ ಮಾತೋ? ಅವಳು ತಲೆ ತಗ್ಗಿಸಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಸ್ವಲ್ಪ ಬಗ್ಗಿ ನೋಡಿದ್ದರೆ, ಆ ತುಟಿಯ ಅಂಚಿನಲ್ಲಿ ನಗು ಇದೆಯೋ ಇಲ್ಲವೋ ಇತ್ಯರ್ಥವಾಗಿಬಿಡುತ್ತಿತ್ತು.

ಅವನು ಬಗ್ಗಲಿಲ್ಲ. ಚೀಲ ಹೆಗಲಿಗೇರಿಸಿ, "ಬರ್ತೀನಿ ತಂಗೀ," ಎಂದು ಹೊರಗೆ ಬಂದು, ಬಾಗಿಲನ್ನು ಮೆತ್ತಗೆ ಮುಂದಕ್ಕೆ ಎಳೆದುಕೊಂಡ.